ತೀರ್ಪಿಗೆ ನಿಂತ ಚೆಂಡುಗಳು

ನಮ್ಮ ಊರಿನಲ್ಲಿ ವಾಲಿಬಾಲ್ ಆಡುವಾಗ ಗೆರೆಯ ಹತ್ತಿರ ಬೀಳಬೇಕಾದ ಚೆಂಡು ತಾನಾಗಿ ಬೀಳುವುದಿಲ್ಲ. ನೆಲ ಇನ್ನೊಂದು ಗೇಣು ಇದೆ ಎನ್ನುವಾಗ ನಿಂತುಬಿಡುತ್ತದೆ. ಅಂಪೈರ್ 'ಇನ್' ಅನ್ನಬೇಕು, ಇಲ್ಲವೇ 'ಔಟ್' ಅನ್ನಬೇಕು. ಆಗ ಬೀಳುತ್ತದೆ. ಬೇರೆ ಯಾರು ಎಷ್ಟು ಕೂಗಿದರೂ ಬೀಳುವುದಿಲ್ಲ. ತಳ್ಳಿದರೆ ಸರಿಯುವುದಿಲ್ಲ, ಮೇಲೆ ಕೂತರೆ ಇಳಿಯುವುದಿಲ್ಲ. ಅಂಪೈರ್ ಅಂದರೆ ಸಂಘದ ಕಾರ್ಡ್ ಇದ್ದವರು, ಒಟ್ಟು ಒಂಬತ್ತು ಮಂದಿ, ಅವರಲ್ಲಿ ನಾನೊಬ್ಬಳು. ಹೇಳಿದ್ದು ಸರಿಯೋ ತಪ್ಪೋ ಎಂದು ಚೆಂಡು ವಿಚಾರಿಸುವುದಿಲ್ಲ. ಅದಕ್ಕೆ ಸತ್ಯ ಬೇಕಿಲ್ಲ, ತೀರ್ಪು ಬೇಕು. ಪರವೂರಿನವರು ಇದನ್ನು ನೋಡಿ ಬಾಯಿ ತೆರೆದು ನಿಲ್ಲುತ್ತಾರೆ. ನಮಗೆ ಇದರಲ್ಲಿ ಏನೂ ವಿಶೇಷವಿಲ್ಲ. ವಿಶೇಷ ಅನಿಸಿದ್ದು ಒಂಬತ್ತೂ ಮಂದಿ ಒಟ್ಟಿಗೆ ಬಾಯಿ ಮುಚ್ಚಿದಾಗ.

ಮುಷ್ಕರ ಶುರುವಾದದ್ದು ಅಡಿವೆಪ್ಪ ಮಾಸ್ತರರ ಮಂಡಿಯಿಂದ. ಮಾಸ್ತರರು ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು, ನಮ್ಮೆಲ್ಲರಿಗೂ ಹಿರಿಯ ಅಂಪೈರ್. ನಮ್ಮ ಲೀಗಿನ ಕೆಳಗಿನ ಹಂತವಾದ ಬಿ ಪಂಗಡದ ಒಂದು ಪಂದ್ಯದಲ್ಲಿ ಅವರು ಔಟ್ ಕೊಟ್ಟದ್ದು ಜನಕ್ಕೆ ಸರಿಬರಲಿಲ್ಲ. ಎಂಟು ಹತ್ತು ಮಂದಿ ಬಂದು ಎತ್ತರದ ಕುರ್ಚಿಯನ್ನು ಅವರ ಸಮೇತ ಉರುಳಿಸಿದರು. ಮಂಡಿಯ ಚಿಪ್ಪು ಒಡೆಯಿತು. ಎ ಪಂಗಡದಲ್ಲಿ ಹೀಗಾಗಿದ್ದರೆ ಪೊಲೀಸರು ಬರುತ್ತಿದ್ದರು. ಬಿ ಪಂಗಡದಲ್ಲಿ ಪಂದ್ಯ ನಡೆಸುವ ಕಮಿಟಿಯಿಂದ ಒಂದು ಕಾಗದ ಬಂತು: ಪ್ರೇಕ್ಷಕರ ಮನಸ್ಸಿಗೆ ನೋವಾಗಿದೆ, ಮಾಸ್ತರರು ಒಂದು ಕ್ಷಮೆ ಕೇಳಿದರೆ ವಿಷಯ ಇಲ್ಲಿಗೆ ಮುಗಿಯುತ್ತದೆ. ಕಾಗದದ ಕೆಳಗೆ ಕಾರ್ಯದರ್ಶಿ ಕೋರಿಶೆಟ್ಟರ ಸಹಿ ಇತ್ತು. ಮಾಸ್ತರರು ಅದನ್ನು ಎರಡು ಸಲ ಓದಿ, ಮಡಚಿ, ಊರುಗೋಲಿನ ತುದಿಗೆ ಸುತ್ತಿ ದಾರ ಕಟ್ಟಿದರು. ನೆಲಕ್ಕೆ ಜಾರಬಾರದು ಎಂದು.

ಕೆಲಸ ನಿಲ್ಲಿಸಿದ ಮೊದಲ ವಾರವೇ ಮೌಲಾಸಾಬ ಎಡವಟ್ಟು ಮಾಡಿದ. ಮೌಲಾಸಾಬ ಅಂಪೈರೂ ಹೌದು, ಮೈದಾನದ ಬದಿಯಲ್ಲಿ ಅಂಗಡಿ ಇಟ್ಟ ದರ್ಜಿಯೂ ಹೌದು. ಕೋರ್ಟಿನ ಪಕ್ಕ ಸೈಕಲ್ ಮೇಲೆ ಹೋಗುತ್ತಿದ್ದಾಗ ಒಂದು ಚೆಂಡು ಗೆರೆಯ ಮೇಲೆ ನಿಂತಿತು. ಇಪ್ಪತ್ತು ವರ್ಷದ ರೂಢಿ. ಯೋಚನೆ ಮಾಡುವ ಮೊದಲೇ "ಔಟ್" ಎಂದುಬಿಟ್ಟ. ಚೆಂಡು ಬಿತ್ತು. ಆಟಗಾರರು ಅವನ ಕೊರಳಿಗೆ ಮಾಲೆ ಹಾಕಿ ಚಹಾ ಕುಡಿಸಿದರು. ಮಾರನೇ ದಿನ ಕೋರಿಶೆಟ್ಟರು ಪಂದ್ಯಗಳು ಸುಸೂತ್ರವಾಗಿ ನಡೆಯುತ್ತಿವೆ ಎಂದು ಮೈಕಿನಲ್ಲಿ ಸಾರಿದರು.

ಅವತ್ತು ಮಾಸ್ತರರು ನಮ್ಮನ್ನೆಲ್ಲ ಮನೆಗೆ ಕರೆದರು. ಅವರ ಹೆಂಡತಿ ನೀಲಾಂಬಿಕಮ್ಮ ಬುಟ್ಟಿ ತುಂಬ ಬಿಸಿ ರೊಟ್ಟಿ ತಂದಿಟ್ಟರು. "ನೋಡಿದ್ರ ಬಾಯಿ ತಡಿಯಂಗಿಲ್ಲ. ಅದಕ್ಕ ನೋಡೋದ ಬ್ಯಾಡ," ಎಂದರು ಮಾಸ್ತರರು. "ಮುಷ್ಕರ ಮುಗಿಯೋ ತನಕ ಆಟ ನಡಿಯೋ ಹೊತ್ತಿನ್ಯಾಗ ಯಾರೂ ಮೈದಾನದ ಕಡೆ ಮಾರಿ ಹಾಕಬಾರದು. ಹಾಕಿದವರು ಎರಡು ವರ್ಷ ಕಾರ್ಡ್ ಕೊಟ್ಟು ಮನ್ಯಾಗ ಕೂಡೋದು." ಒಬ್ಬೊಬ್ಬರೂ ರೊಟ್ಟಿ ಮುಟ್ಟಿ ಆಣೆ ಮಾಡಿ, ಅದೇ ರೊಟ್ಟಿ ತಿಂದೆವು. ಮೌಲಾಸಾಬ ಎರಡು ತಿಂದ, ತನ್ನದು ದೊಡ್ಡ ತಪ್ಪು ಎಂದು.

ಊರು ಹೊಂದಿಕೊಂಡಿತು. ಚೆಂಡು ನಿಂತರೆ ಆ ಪಾಯಿಂಟ್ ಬಾಕಿ ಎಂದು ಬರೆದಿಟ್ಟು, ಹೊಸ ಚೆಂಡು ತೆಗೆದುಕೊಂಡು ಮುಂದಿನದನ್ನು ಆಡುತ್ತಿದ್ದರು. ನಿಂತ ಚೆಂಡು ಕಾಲಿಗೆ ತೊಡರುವಷ್ಟಾದಾಗ ಹಳೇ ಗೆರೆ ಒರೆಸಿ, ಎರಡು ಹೆಜ್ಜೆ ಆಚೆ ಸುಣ್ಣದ ಪುಡಿಯಿಂದ ಹೊಸ ಗೆರೆ ಎಳೆದರು. ಹೀಗೆ ನಾಲ್ಕು ತಿಂಗಳು ಎಳೆದಾಡಿ, ಫೈನಲ್ಲಿನ ಕೊನೆಯ ಚೆಂಡೂ ನಿಂತ ಮೇಲೆ ಆಟ ಬಂದಾಯಿತು. ಮೂರು ಕೋರ್ಟುಗಳಲ್ಲಿ ಇಪ್ಪತ್ಮೂರು ಚೆಂಡುಗಳು ಉಳಿದವು. ಸೋಮವಾರದ ಸಂತೆ ಅದೇ ಮೈದಾನದಲ್ಲಿ. ಕುರಿ ಮಾರುವವರು ಚೆಂಡಿಗೆ ಹಗ್ಗ ಸುತ್ತಿ ಕುರಿ ಕಟ್ಟಿದರು. ಬದನೆಕಾಯಿ ಮಾರುವ ಶರಣಮ್ಮ ಫೈನಲ್ಲಿನ ಚೆಂಡಿನ ಮೇಲೆ ಗೋಣಿತಟ್ಟು ಹಾಸಿ, ಅದನ್ನೇ ಮಣೆ ಮಾಡಿಕೊಂಡಳು. ಕಾಲಕ್ರಮದಲ್ಲಿ ಚೆಂಡುಗಳ ಗಾಳಿ ಇಳಿಯಿತು. ಚೆಂಡು ಇಳಿಯಲಿಲ್ಲ.

ಆ ಫೈನಲ್ಲಿನ ಚೆಂಡನ್ನು ನಾನು ನೋಡಿದ್ದೆ.

ನನ್ನದು ಝೆರಾಕ್ಸ್ ಅಂಗಡಿ, ಮೊದಲ ಮಹಡಿಯಲ್ಲಿ. ಮೂರನೇ ಕೋರ್ಟಿನ ಹಿಂದಿನ ಗೆರೆಗೆ ಸರಿಯಾಗಿ ಎದುರು. ಪಂದ್ಯದ ಸಂಜೆಗಳಲ್ಲಿ ಶಟರ್ ಎಳೆದುಬಿಡುತ್ತಿದ್ದೆ. ನಾಲ್ಕು ತಿಂಗಳು ಪೂರಾ ಎಳೆದೆ. ಫೈನಲ್ ದಿನ ಗೇಣಷ್ಟು ಬಿಟ್ಟು, ನೆಲದ ಮೇಲೆ ಹೊಟ್ಟೆ ಮಾಡಿ ಮಲಗಿ, ಗಲ್ಲ ಸಿಮೆಂಟಿಗೆ ಒತ್ತಿ ನೋಡಿದೆ. ಸುಳ್ಳು ಯಾಕೆ, ಬಹಳ ಚೆನ್ನಾಗಿ ಕಾಣುತ್ತಿತ್ತು. ಮೂರು ವರ್ಷ ಬಾವುಟ ಹಿಡಿದು ಗೆರೆಯ ಮೂಲೆಯಲ್ಲಿ ನಿಂತಾಗಲೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಜಿನ್ನಿಂಗ್ ಮಿಲ್ಲಿನವರಿಗೂ ಬಸ್ ಡಿಪೋದವರಿಗೂ ಪಂದ್ಯ. ಐದನೇ ಸೆಟ್ಟು, ಹದಿನಾರು–ಹದಿನಾರು. ನಮ್ಮ ಲೀಗಿನಲ್ಲಿ ಹದಿನೇಳು ಮೊದಲು ಮುಟ್ಟಿದವರು ಗೆದ್ದಂತೆ, ಗೆದ್ದವರು ಎ ಪಂಗಡಕ್ಕೆ ಹೋದಂತೆ. ಮಿಲ್ಲಿನ ಕ್ಯಾಪ್ಟನ್ ಪರಸಪ್ಪ ಎಡಗಡೆಯಿಂದ ಎಗರಿ ಹೊಡೆದ. ಡಿಪೋದ ಇಬ್ಬರು ಮುಟ್ಟದೆ ಬಿಟ್ಟರು. ಚೆಂಡು ಗೆರೆಯ ಮೇಲೆ ನಿಂತಿತು. ಆದರೆ ನಿಂತ ಚೆಂಡನ್ನು ನೋಡಿ ಏನೂ ಹೇಳಲಾಗದು; ಅದು ಓರೆಯಾಗಿ ಬರುತ್ತಿರುತ್ತದೆ, ಬಂದ ದಾರಿ ಕಂಡಿರಬೇಕು. ನಾನು ಕಂಡಿದ್ದೆ. ಎರಡು ಬೆರಳು ಹೊರಗೆ ಹೋಗುವ ಚೆಂಡು ಅದು. ನನ್ನ ಬಾಯಿ ತೆರೆಯಿತು. ದುಪಟ್ಟಾದ ತುದಿ ತುರುಕಿಕೊಂಡು ಕಚ್ಚಿ ಹಿಡಿದೆ. ಆ 'ಔಟ್' ಏಳು ತಿಂಗಳು ನನ್ನ ಬಾಯಲ್ಲೇ ಉಳಿಯಿತು. ಊಟ ಮಾಡುವಾಗಲೂ ಅಡ್ಡ ಬರುತ್ತಿತ್ತು.

ಹನ್ನೊಂದನೇ ತಿಂಗಳಲ್ಲಿ ಕಮಿಟಿ ಸೋತು, ನಮ್ಮ ಮೂರು ಬೇಡಿಕೆಗೂ ಒಪ್ಪಿತು. ಅಂಪೈರ್ ಮೈಮುಟ್ಟಿದವರ ತಂಡ ಇಡೀ ವರ್ಷ ಹೊರಗೆ. ಅಂಪೈರಿಗೆ ನೇಮಕದ ಪತ್ರ. ಮೂರನೆಯದು, ಹೆಂಗಸರಿಗೂ ಎತ್ತರದ ಕುರ್ಚಿ. ಅದುವರೆಗೆ ಹೆಂಗಸರು ಬಾವುಟ ಹಿಡಿದು ಗೆರೆ ಕಾಯಬಹುದಿತ್ತು, ಕುರ್ಚಿ ಹತ್ತುವಂತಿರಲಿಲ್ಲ. ಸಂಘದಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಮಾತುಕತೆ ಮುಗಿಸಿಕೊಂಡು ಬಂದ ಮಾಸ್ತರರು ಊರುಗೋಲು ಹಿಡಿದೇ ಮಹಡಿ ಹತ್ತಿ ಅಂಗಡಿಗೆ ಬಂದು, "ತಂಗಿ, ಆ ಮೂರನೇದಕ್ಕ ಕೋರಿಶೆಟ್ಟರು ಎರಡು ತಾಸು ಒದ್ದಾಡಿದ್ರು. ನಾ ಬಿಡಲಿಲ್ಲ. ಹೊಸ ಸೀಜನ್ನಿನ ಮೊದಲನೇ ಮ್ಯಾಚು ನಿಂದು," ಎಂದರು. ನಾನು ನೀರು ಕೊಟ್ಟೆ. ಥ್ಯಾಂಕ್ಸ್ ಹೇಳಲಿಲ್ಲ. ಹೇಳಲು ಬಾಯಲ್ಲಿ ಜಾಗವಿರಲಿಲ್ಲ.

ಕಮಿಟಿಯದೂ ಒಂದು ಷರತ್ತಿತ್ತು. ಹೊಸ ಸೀಜನ್ನಿಗೆ ಮುಂಚೆ, ಬರುವ ಭಾನುವಾರ ಬೆಳಿಗ್ಗೆ, ಇಪ್ಪತ್ಮೂರು ಚೆಂಡುಗಳನ್ನೂ ತೀರಿಸಬೇಕು. ಏನು ಹೇಳಿದರೂ ತಂಡಗಳು ಒಪ್ಪುತ್ತವೆ.

ಗುರುವಾರ ಪರಸಪ್ಪ ಅಂಗಡಿಗೆ ಬಂದ. ಕೈಯಲ್ಲಿ ಹನ್ನೆರಡು ಹುಡುಗರ ಜನನ ದಾಖಲೆ, ಎ ಪಂಗಡದ ಅರ್ಜಿಗೆ. "ಮೂರ್ಮೂರು ಕಾಪಿ ತಗೀರಿ, ಅಕ್ಕಾರ," ಎಂದ. ಒಳ್ಳೆಯ ಮನುಷ್ಯ. ಹತ್ತಿಯ ಎಳೆ ಅವನ ಹುಬ್ಬಿನಲ್ಲಿ ಯಾವಾಗಲೂ ಸಿಕ್ಕಿಕೊಂಡಿರುತ್ತದೆ. ನಾನು ಮಶೀನ್ ಮುಚ್ಚಳ ಎತ್ತುತ್ತ ಇಳಿಸುತ್ತ ನಿಂತೆ.

"ಮಿಲ್ ಮಾಲಕರು ಹೇಳ್ಯಾರ, ಎ ಪಂಗಡಕ್ಕ ಹೋದ್ರ ಹುಡುಗರಿಗೆ ಹಗಲಪಾಳಿ ಕೊಡ್ತಾರಂತ, ಪ್ರ್ಯಾಕ್ಟೀಸಿಗೆ," ಎಂದ ಅವನು. ಆಮೇಲೆ ಕಾಗದಗಳನ್ನು ಟಪಟಪ ಬಡಿದು ಅಂಚು ಸರಿಮಾಡುತ್ತ ಕೇಳಿದ: "ಅಕ್ಕಾರ, ಆ ಚೆಂಡು… ನೀವೇನರ ನೋಡಿದ್ರಿ?"

"ಇಲ್ಲ. ನಾವು ಯಾರೂ ನೋಡಿಲ್ಲ," ಎಂದೆ.

"ಹೌದಲ್ಲ, ಆಣಿ ಮಾಡಿದ್ರಿ," ಎಂದ ಅವನು. ಹೋಗುವಾಗ ಒಂದು ದಾಖಲೆ ಮಶೀನಿನಲ್ಲೇ ಮರೆತು ಮತ್ತೆ ಬಂದು ತೆಗೆದುಕೊಂಡು ಹೋದ. ಎರಡನೇ ಸಲ ಏನೂ ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಮಾಸ್ತರರ ಪಡಸಾಲೆಯಲ್ಲಿ ಒಂಬತ್ತೂ ಮಂದಿ ಚಾಪೆ ಹಾಸಿ ಕೂತೆವು. ಹಗಲಲ್ಲೂ ಅಲ್ಲಿ ದೀಪ ಹಚ್ಚಿದ್ದರು. ಮಾಸ್ತರರು ಒಂದು ಹಾಳೆ ತೆಗೆದರು. ಅದರಲ್ಲಿ ಮೂಡಣ ಮೂಲೆಯಿಂದ ಎಣಿಸಿ ಚೆಂಡುಗಳಿಗೆ ನಂಬರ್ ಹಾಕಿದ್ದರು. "ಯಾರೂ ನೋಡಿಲ್ಲ. ಗೆರಿನೂ ಅಳಿಸ್ಯಾವ. ಅದಕ್ಕ ಸೀದಾ ಹೋಗೋಣು. ಒಂದನೇದು ಇನ್, ಎರಡನೇದು ಔಟ್, ಮೂರನೇದು ಇನ್. ಹಿಂಗ ಕಡೀತನಕ. ಯಾರ ಕಡೆನೂ ವಾಲಿದಂಗ ಆಗಂಗಿಲ್ಲ."

"ಭಾಳ ಚಲೋ," ಎಂದ ಮೌಲಾಸಾಬ. ಎಲ್ಲರೂ ತಲೆದೂಗಿದರು. ಫೈನಲ್ಲಿನ ಚೆಂಡು ಹದಿನೇಳನೆಯದು. ಬೆಸ. ಇನ್. ಮಿಲ್ಲಿನವರು ಗೆದ್ದಂತೆ.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಹೊಸ ಸೀಜನ್ನಿನಿಂದ ಕುರ್ಚಿ ನನ್ನದು. ಪರಸಪ್ಪನ ಹುಡುಗರಿಗೆ ಹಗಲಪಾಳಿ. ಮಾಸ್ತರರಿಗೆ ಸಮಾಧಾನ. ಬಾಯಿ ಬಿಟ್ಟರೆ ಎರಡು ವರ್ಷ ಮನೆಯಲ್ಲಿ, ಅದೂ ಕುರ್ಚಿ ಕೊಡಿಸಿದವರ ಮುಂದೆಯೇ ಆಣೆ ಮುರಿದವಳಾಗಿ. ನಾನೇನು ದೊಡ್ಡ ಸತ್ಯವಂತೆಯಲ್ಲ. ಗುರುವಾರವೇ ಒಂದು ಸುಳ್ಳು ಹೇಳಿದ್ದೆ. ಆದರೆ ಹನ್ನೊಂದು ತಿಂಗಳು ನಾವು ಕೂತದ್ದು ನಮ್ಮ ಮಾತಿಗೆ ಬೆಲೆ ಬೇಕು ಎಂದು. ತಿರುಗಿ ಬಂದು ಆಡುವ ಮೊದಲ ಮಾತೇ ಸರತಿಯ ಪ್ರಕಾರ ಆದರೆ, ಅದನ್ನು ಆಡಲು ನಾವೇ ಯಾಕೆ ಬೇಕು? ಚೆಂಡಿಗೆ ನಡೆದೀತು. ನನಗೆ ನಡೆಯುವಂತಿರಲಿಲ್ಲ.

"ಮಾಸ್ತರ, ಹದಿನೇಳನೇದು ಔಟ್," ಎಂದೆ.

"ಬೆಸ ಐತಿ, ತಂಗಿ. ಇನ್ ಬರ್ತದ."

"ಲೆಕ್ಕ ಅಲ್ಲರಿ. ನಾ ನೋಡೇನಿ. ಎರಡು ಬೆರಳು ಹೊರಗ."

ಮಾಸ್ತರರು ಕನ್ನಡಕ ತೆಗೆದರು. "ರೊಟ್ಟಿ ತಿಂದಿದ್ದಿಲ್ಲೇನವಾ ನೀ?"

"ತಿಂದಿದ್ದೆ."

"ಎಲ್ಲಿಂದ ನೋಡಿದಿ?"

"ಶಟರ್ ಕೆಳಗಿಂದ. ಮಲಕ್ಕೊಂಡು."

ಅವರು ಚಾಪೆಯ ಮೇಲೆ ಅಂಗೈ ಬಡಿದು ತೋರಿಸಿದರು. "ಕಾರ್ಡ್ ಇಡು." ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ನಾನು ಕಾರ್ಡ್ ತೆಗೆದು ಇಟ್ಟೆ.

ಮೌಲಾಸಾಬ ಗಂಟಲು ಸರಿಮಾಡಿಕೊಂಡ. "ಹಂಗಾರ ನಂದೂ ಇಡಬೇಕಾಗ್ತದ, ಮಾಸ್ತರ." ಎಲ್ಲರೂ ಅವನ ಕಡೆ ತಿರುಗಿದರು. "ನಾ ಏನ ಮೈದಾನ ನೋಡಿಲ್ಲ ಬಿಡ್ರಿ. ಬೆನ್ನ ಹಾಕಿ ಹೊಲಿಗಿ ಮಾಡಕೋತ ಕೂತಿದ್ದೆ. ಎದುರಿಗೆ ಗಿರಾಕಿ ಕನ್ನಡಿ ಇತ್ತು. ಅದರಾಗ ಏನೇನೋ ಕಂಡ್ವು."

"ಏನೇನೋ ಅಂದ್ರ?"

"ಆರು ಚೆಂಡು. ಎಡಕಿಂದು ಬಲಕ್ಕ ಕಾಣ್ತದ, ಆದ್ರ ಔಟ್ ಅಂದ್ರ ಔಟೇ ಕಾಣ್ತದ." ಅವನು ಕಾರ್ಡನ್ನು ನನ್ನ ಕಾರ್ಡಿನ ಮೇಲೆ ಇಟ್ಟ. "ಆಣಿ ಒಳಗ ಕನ್ನಡಿ ಮಾತಿರಲಿಲ್ಲ, ಅದೂ ಖರೇನ."

ಆಮೇಲೆ ತಡವಾಗಲಿಲ್ಲ. ಪೋಸ್ಟ್ ಆಫೀಸಿನವನು ಸ್ಟಾಂಪಿನ ಕಿಟಕಿಯಿಂದ ನೋಡಿದ್ದ. ಇನ್ನೊಬ್ಬ ನೀರಿನ ಟಾಕಿ ತೊಳೆಯುವ ನೆಪದಲ್ಲಿ ವಾರಕ್ಕೆ ಮೂರು ಸಲ ಟಾಕಿ ಹತ್ತಿದ್ದ; ಅವನ ಓಣಿಯವರು ಅಷ್ಟು ಶುದ್ಧ ನೀರನ್ನು ಹಿಂದೆಂದೂ ಕುಡಿದಿರಲಿಲ್ಲ. ಮತ್ತೊಬ್ಬ ಬುರುಖಾ ಹಾಕಿಕೊಂಡು ಮೈದಾನದ ಬದಿಯಲ್ಲಿ ನಿಂತಿದ್ದನಂತೆ, ತನ್ನ ಹೆಂಡತಿಯದು. "ನಮ್ಮ ಅಂಗಡಿ ಮುಂದ ನಿಂತು ರವಿಕಿ ಅಳತಿ ಕೇಳಿದಾಕಿ ನೀ ಏನು?" ಎಂದ ಮೌಲಾಸಾಬ. "ಹೂಂ," ಎಂದ ಅವನು. ನಗು ಉಕ್ಕಿತು, ಯಾರೂ ನಗಲಿಲ್ಲ. ಚಾಪೆಯ ಮೇಲೆ ಎಂಟು ಕಾರ್ಡ್ ಬಿದ್ದವು.

ಮಾಸ್ತರರು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಕೊಡಕ್ಕೆ ತಂಬಿಗೆ ಬಡಿದ ಸದ್ದು ಕೇಳಿತು. ನೀಲಾಂಬಿಕಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನಮ್ಮ ಮುಂದೆ ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ.

"ಮೈದಾನದ ಕಡೆ ಕಿಡಕಿ ಅದು," ಎಂದು ಗೋಡೆಗೆ ಕೈ ತೋರಿಸಿದರು. ನಾವು ಆಗ ನೋಡಿದೆವು. ಕಿಟಕಿಗೆ ಒಳಗಿನಿಂದ ಹಲಗೆ ಹೊಡೆದಿತ್ತು. "ಆಣಿ ಮಾಡಿದ ದಿನಾನ ಬಡಿಸಿದ್ರು. ಹನ್ನೊಂದು ತಿಂಗಳು ಮನ್ಯಾಗ ಬೆಳಕಿಲ್ಲ, ಗಾಳಿಲ್ಲ. ಕೂಗು ಕೇಳಿದಾಗೆಲ್ಲ ಎದ್ದು ಹೋಗಿ ಹಲಗಿ ಮುಂದ ನಿಂದರತಿದ್ರು. ತಗದು ನೋಡ್ರಿ ಅಂದ್ರ ಒಂದಿನ ತಗಿಲಿಲ್ಲ. ನಿಮ್ಮನ್ನ ನಂಬಿ."

ನಾವು ಎಂಟೂ ಜನ ಚಾಪೆಯ ಹೆಣಿಗೆ ನೋಡುತ್ತ ಕೂತೆವು. ಮಾಸ್ತರರು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದರು. ನಮ್ಮಲ್ಲಿ ಯಾರ ಮುಖವನ್ನೂ ನೋಡದೆ ಕಾರ್ಡುಗಳನ್ನು ಒಟ್ಟುಮಾಡಿ, ಜೇಬಿಗೆ ಹಾಕಿಕೊಂಡು, ಹಾಳೆ ಮುಂದಕ್ಕೆ ತಳ್ಳಿದರು.

"ಯಾವ ಯಾವ ಚೆಂಡು ಯಾರ್‍ಯಾರು ನೋಡೀರಿ, ನಂಬರಿನ ಮುಂದ ಹೆಸರು ಬರೀರಿ. ನಾಳೆ ನೋಡಿದವರ ಹೇಳಬೇಕು. ಕಾರ್ಡಿನ ಮಾತು ಆಮ್ಯಾಲೆ." ಹಾಳೆ ಕೈಯಿಂದ ಕೈಗೆ ಹೋಗಿ ತಿರುಗಿ ಬಂತು. ಇಪ್ಪತ್ತು ನಂಬರಿಗೆ ಹೆಸರು ಬಿದ್ದಿತ್ತು. ಮೂರು ಖಾಲಿ ಇದ್ದವು. ಮಾಸ್ತರರು ಆ ಮೂರು ಖಾಲಿ ಜಾಗಗಳನ್ನು ಬಹಳ ಹೊತ್ತು ನೋಡಿದರು.

ಭಾನುವಾರ ಊರೆಲ್ಲ ಮೈದಾನಕ್ಕೆ ಬಂತು. ಕುರಿಗಳನ್ನು ಬಿಚ್ಚಿದ್ದರು. ಕಮಿಟಿಯವರು ಎತ್ತರದ ಕುರ್ಚಿಗೆ ಹೊಸ ಬಣ್ಣ ಹೊಡೆಸಿ ಬದಿಗೆ ಪೆಂಡಾಲ್ ಹಾಕಿಸಿದ್ದರು. ಪಲಾವಿನ ವಾಸನೆ ಬರುತ್ತಿತ್ತು. ಮಾಸ್ತರರು ಜೇಬಿನಿಂದ ಒಂದೊಂದೇ ಕಾರ್ಡ್ ತೆಗೆದು ಕೊಡುವುದು, ಆ ಚೆಂಡನ್ನು ನೋಡಿದವರು ಕುರ್ಚಿ ಹತ್ತಿ ಹೇಳುವುದು, ಇಳಿದು ಬಂದು ಕಾರ್ಡ್ ವಾಪಸು ಕೊಡುವುದು. ಹೀಗೆ ಸಾಗಿತು. ಮೊದಮೊದಲು ಚೆಂಡು ಬಿದ್ದಾಗಲೆಲ್ಲ ಚಪ್ಪಾಳೆ ಬಿತ್ತು. ಐದಾರು ಆದ ಮೇಲೆ ಜನಕ್ಕೆ ಅನುಮಾನ ಬಂತು. ಇವರು ಯೋಚನೆಯನ್ನೇ ಮಾಡುತ್ತಿಲ್ಲವಲ್ಲ, ಹತ್ತಿದ ಕೂಡಲೇ ಹೇಳುತ್ತಿದ್ದಾರಲ್ಲ ಎಂದು.

ಹದಿನೇಳನೆಯದಕ್ಕೆ ಶರಣಮ್ಮ ಏಳಲೇ ಇಲ್ಲ. "ಏಳು ತಿಂಗಳಿಂದ ಕುಂತೇನಿ. ನಂಗೊಂದು ಮಾತು ಕೇಳೀರೇನು ಯಾರರ?" ಎಂದಳು. ಕೋರಿಶೆಟ್ಟರು ಕಮಿಟಿಯಿಂದ ಕಟ್ಟಿಗೆಯ ಮಣೆ ಮಾಡಿಸಿಕೊಡುವುದಾಗಿ ಮೈಕಿನಲ್ಲಿ ಒಪ್ಪಿಕೊಂಡ ಮೇಲೆ ಗೋಣಿತಟ್ಟು ಎತ್ತಿಕೊಂಡು ಸರಿದಳು. ಚೆಂಡು ಅವಳು ಕೂತ ಆಕಾರಕ್ಕೆ ತಗ್ಗಿತ್ತು.

ಮಾಸ್ತರರು ನನ್ನ ಕಾರ್ಡ್ ಕೊಟ್ಟರು. ಕುರ್ಚಿಗೆ ಏಳು ಮೆಟ್ಟಿಲು. ಹತ್ತುವಾಗ ಯಾರೋ ಸಿಳ್ಳೆ ಹೊಡೆದರು, ಯಾರೋ ಅವನಿಗೆ ಹೊಡೆದರು. ಮೇಲೆ ಕೂತರೆ ಊರು ಬೇರೆಯೇ ಕಾಣುತ್ತದೆ. ಕೆಳಗೆ ಪರಸಪ್ಪ ನಿಂತಿದ್ದ, ಅವತ್ತು ಹುಬ್ಬಿನ ಹತ್ತಿ ತೊಳೆದುಕೊಂಡು ಬಂದಿದ್ದ. ಅವನ ಹಿಂದೆ ಹನ್ನೆರಡು ಹುಡುಗರು.

"ಔಟ್," ಎಂದೆ.

ಚೆಂಡು ಬಿತ್ತು. ಗಾಳಿಯಿಲ್ಲದ್ದರಿಂದ ಪುಟಿಯಲಿಲ್ಲ, ಬಿದ್ದಲ್ಲೇ ಕೂತಿತು. ಡಿಪೋದವರು ಕುಣಿದರು. ಮಿಲ್ಲಿನವರ ಕಡೆಯಿಂದ ಒಂದು ಬದನೆಕಾಯಿ ಬಂದು ಕುರ್ಚಿಯ ಕಾಲಿಗೆ ಬಡಿಯಿತು. "ಅವತ್ತು ಎಲ್ಲಿದ್ರಿ ನೀವು? ಮನ್ಯಾಗ ಮಲಗಿದ್ರಿ. ಈಗ ಬಂದು ಔಟ್ ಅಂತೀರಿ, ಕಂಡವರಂಗ," ಎಂದು ಒಬ್ಬ ಕೂಗಿದ.

"ಮಲಗಿದ್ದೆ ಖರೆ. ಅಂಗಡ್ಯಾಗ, ಶಟರ್ ಕೆಳಗ. ಅಲ್ಲಿಂದ ಕಂಡೀನಿ," ಎಂದೆ. ಇಡೀ ಮೈದಾನ ನಕ್ಕಿತು. ನನ್ನ ಕಿವಿ ಬಿಸಿಯಾದವು. ಕೋರಿಶೆಟ್ಟರು ಮಾತ್ರ ನಗಲಿಲ್ಲ. ನಾಲ್ಕು ತಿಂಗಳು ಆಟ ಆಡಿಸಿದ್ದು ಯಾರಿಗೂ ಗೊತ್ತಿಲ್ಲದೆ ಪೂರ್ತಿ ಅಂಪೈರುಗಳ ಕಣ್ಣೆದುರೇ ಎಂದು ಅವರಿಗೆ ಆಗ ಹೊಳೆದಿರಬೇಕು.

ಪರಸಪ್ಪ ಕುರ್ಚಿಯ ಕೆಳಗೆ ಬಂದು ಕತ್ತೆತ್ತಿದ. "ಗುರುವಾರ ನೋಡಿಲ್ಲ ಅಂದಿದ್ರಿ."

"ಸುಳ್ಳು ಹೇಳಿದ್ದೆ."

"ಎಷ್ಟು ಹೊರಗ?"

"ಎರಡು ಬೆರಳು."

ಅವನು ತನ್ನ ಕೈಯನ್ನೇ ನೋಡಿಕೊಂಡ. "ನಾ ಮೂರು ಅಂದ್ಕೊಂಡಿದ್ದೆ," ಎಂದು ಮೆಲ್ಲಗೆ ಹೇಳಿ ಹಿಂದಕ್ಕೆ ಹೋದ. ಹುಡುಗರು ಏನೋ ಕೇಳಿದರು. ಅವನು "ನಡೀರಿ, ಮುಂದಿನ ವರ್ಷ ಐತಿ" ಎಂದಷ್ಟೇ ಅಂದ. ಎರಡನೇ ಬದನೆಕಾಯಿ ಬರಲಿಲ್ಲ.

ಹೀಗೆ ಇಪ್ಪತ್ತು ಚೆಂಡು ಬಿದ್ದವು. ಉಳಿದ ಮೂರು ಒಂದನೇ ಕೋರ್ಟಿನಲ್ಲಿ ಅಕ್ಕಪಕ್ಕ ಇದ್ದವು. ಅವು ನಿಂತ ವಾರ ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ತೊಂದರೆ, ಯಾರೂ ನೋಡಿರಲಿಲ್ಲ. ಕೋರಿಶೆಟ್ಟರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮಾಸ್ತರ, ಏನರ ಒಂದು ಹೇಳಿ ಮುಗಸ್ರಿ. ಪಲಾವ್ ಆರ್ತದ," ಎಂದರು.

ಮಾಸ್ತರರು ಊರುಗೋಲನ್ನು ನನ್ನ ಕೈಗೆ ಕೊಟ್ಟು ಕುರ್ಚಿ ಹತ್ತತೊಡಗಿದರು. ಉರುಳಿಸಿದ ದಿನದಿಂದ ಹತ್ತಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು, ನಿಂತು, ಮತ್ತೊಂದು. ಅವರನ್ನು ಉರುಳಿಸಿದವರಲ್ಲಿ ಇಬ್ಬರು ಮುಂದಿನ ಸಾಲಿನಲ್ಲೇ ಇದ್ದರು, ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮೇಲೆ ಕೂತು ಮಾಸ್ತರರು ಮೊದಲ ಚೆಂಡನ್ನು ನೋಡಿದರು. ಇನ್ ಅಥವಾ ಔಟ್, ಯಾವುದು ಹೇಳಿದರೂ ಬೀಳುತ್ತಿತ್ತು. ಅವರದೇ ಯೋಜನೆ ಅದು.

"ನಾ ನೋಡಿಲ್ಲ," ಎಂದರು ಮಾಸ್ತರರು.

ನಮ್ಮ ಊರಿನಲ್ಲಿ ಆ ಕುರ್ಚಿಯಲ್ಲಿ ಕೂತು ಆ ಮಾತನ್ನು ಯಾರೂ ಹೇಳಿರಲಿಲ್ಲ. ಧೂಳೆದ್ದಿರಲಿ, ಕಣ್ಣಿಗೆ ಬಿಸಿಲು ಹೊಡೆದಿರಲಿ, ಸೀನು ಬಂದಿರಲಿ, ಅಂಪೈರ್ ಆದವನು ನೋಡಿದ್ದೇನೆ ಅನ್ನಲೇಬೇಕು. ನಾನೂ ಗೆರೆಯ ಮೇಲೆ ನಿಂತು ಎಷ್ಟು ಸಲ ಕಾಣದ್ದಕ್ಕೆ ಬಾವುಟ ಎತ್ತಿದ್ದೇನೆ. ಹೇಳದಿದ್ದರೆ ಚೆಂಡು ಬೀಳುವುದಿಲ್ಲ ಎಂಬ ಭಯ. ಎಲ್ಲರೂ ಚೆಂಡಿನ ಕಡೆ ನೋಡಿದರು. ಅದು ಅಲ್ಲಾಡಲಿಲ್ಲ. ಕೋರಿಶೆಟ್ಟರು ಹಣೆ ಒತ್ತಿಕೊಂಡರು.

"ಆವತ್ತು ನಾ ಇರಲಿಲ್ಲ. ನಮ್ಮವರು ಯಾರೂ ಇರಲಿಲ್ಲ. ಆ ಪಾಯಿಂಟ್ ಮತ್ತ ಆಡ್ರಿ," ಎಂದರು ಮಾಸ್ತರರು.

ಚೆಂಡು ಬೀಳಲಿಲ್ಲ; ಇಳಿಯಿತು. ಬಾವಿಗೆ ಕೊಡ ಇಳಿದಂತೆ ನಿಧಾನಕ್ಕೆ ಇಳಿದು ನೆಲ ಮುಟ್ಟಿ, ಒಂದು ಸುತ್ತು ಉರುಳಿ ನಿಂತಿತು. ಅದರ ಪಕ್ಕದ ಎರಡೂ ಅದರ ಹಿಂದೆಯೇ ಇಳಿದವು, ಅವಕ್ಕೆ ಬೇರೆಯಾಗಿ ಹೇಳುವ ಅಗತ್ಯ ಬೀಳಲಿಲ್ಲ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಜನಕ್ಕೆ ತಿಳಿಯಲಿಲ್ಲ. "ಇಷ್ಟ ಸರಳ ಇತ್ತೇನು ಇದು," ಎಂದ ಮೌಲಾಸಾಬ ನನ್ನ ಪಕ್ಕದಲ್ಲಿ. "ಇಪ್ಪತ್ತು ವರ್ಷ ಕಾಣದ್ದಕ್ಕೂ ಸುಮ್ನ ಧೈರ್ಯಾ ಮಾಡಿ ಹೇಳಿದ್ನಲ್ಲ."

ಮಾಸ್ತರರನ್ನು ನಾವಿಬ್ಬರು ಹಿಡಿದು ಇಳಿಸಿದೆವು. ಅಷ್ಟರಲ್ಲಿ ಆ ಮೂರು ಪಾಯಿಂಟಿನ ತಂಡಗಳವರು ಅಂಗಿ ಬಿಚ್ಚಿ ಕೋರ್ಟಿಗೆ ಇಳಿದಿದ್ದರು. ಯಾರೋ ಸುಣ್ಣದ ಪುಡಿ ತಂದು ಗೆರೆ ಎಳೆದರು. ಕೋರಿಶೆಟ್ಟರು ಪಲಾವಿನ ಮೇಲೆ ತಟ್ಟೆ ಮುಚ್ಚಿಸಿದರು. ಮಾಸ್ತರರು ಜೇಬಿನಿಂದ ಎಂಟೂ ಕಾರ್ಡ್ ತೆಗೆದು ಅಂಗೈಯಲ್ಲಿ ಹರವಿ ನೋಡುತ್ತಿದ್ದರು.

"ಕಾಯ್ದೆ ಕಾಯ್ದೆನ. ಎಂಟೂ ಮಂದಿ ಎರಡು ವರ್ಷ ಹೊರಗ," ಎಂದರು. "ಅಂದ್ರ ಎರಡು ವರ್ಷ ಅಷ್ಟೂ ಮ್ಯಾಚು ನಾ ಒಬ್ಬನ ಮಾಡಬೇಕು. ಮೂರು ಕೋರ್ಟು. ಒಂದು ಮಂಡಿ."

"ತಪ್ಪು ನಮ್ದು, ಮಾಸ್ತರ," ಎಂದೆ.

"ನಿಮ್ದ. ಅದರಾಗ ಸಂಶೆ ಇಲ್ಲ. ನಾ ಮರೆಯೋನೂ ಅಲ್ಲ." ಅವರು ಇನ್ನೂ ನನ್ನ ಮುಖ ನೋಡುತ್ತಿರಲಿಲ್ಲ. "ಶಿಕ್ಷಾ ಒಬ್ಬೊಬ್ಬರಾಗಿ, ಸರತಿ ಮ್ಯಾಲೆ ಅನುಭವಸ್ರಿ. ಒಬ್ಬರು ಮನ್ಯಾಗ, ಏಳು ಮಂದಿ ಕೆಲಸಕ್ಕ. ಮೊದಲ ಕನ್ನಡಿ ಮೌಲಾಸಾಬ."

"ನಾ ಯಾಕ ಮೊದಲ?"

"ಎರಡು ರೊಟ್ಟಿ ತಿಂದಿದ್ದಿ ನೀ."

ನನ್ನ ಕಾರ್ಡನ್ನು ಅವರು ಕೈಗೆ ಕೊಡದೆ ಕುರ್ಚಿಯ ಮೆಟ್ಟಿಲ ಮೇಲೆ ಇಟ್ಟರು. "ನನ್ನ ಕೈಲೆ ಮತ್ತ ಹತ್ತೋದಾಗಂಗಿಲ್ಲ. ಹತ್ತು," ಎಂದರು. ನಂತರ ರೂಢಿಯಿಂದ ನಾನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ ಕೆಂಪು ಬಾವುಟವನ್ನೂ ತಮ್ಮ ಊರುಗೋಲನ್ನೂ ಕಿತ್ತುಕೊಂಡು, ಅದನ್ನು ಊರುತ್ತ ಹಿಂದಿನ ಗೆರೆಯ ಮೂಲೆಗೆ ಹೋಗಿ ನಿಂತರು. ಮೂವತ್ತು ವರ್ಷ ಕುರ್ಚಿಯಲ್ಲೇ ಕೂತವರು ಗೆರೆ ಕಾಯಲು ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ಸೀಟಿ ಊದಿದೆ. ಸರ್ವಿಸ್ ಬಂತು. ಏಳು ತಿಂಗಳು ಆಟ ಬಿಟ್ಟವರು. ಮೊದಲೆರಡು ಏಟು ಎಲ್ಲೆಲ್ಲೋ ಹೋಗಿ ಹೇಗೋ ನೆಟ್ ದಾಟಿದವು. ಆಮೇಲೆ ಮೈ ಬಿಸಿಯಾಯಿತು. ಚೆಂಡು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹನ್ನೆರಡು ಹದಿಮೂರು ಸಲ ಹೋಗಿಬಂತು. ಒಬ್ಬ ನೆಲಕ್ಕೆ ಬಿದ್ದು ಎತ್ತಿದ, ಇನ್ನೊಬ್ಬ ಎಗರಿ ಹೊಡೆದ. ಚೆಂಡು ಹಿಂದಿನ ಗೆರೆಗೆ, ಮಾಸ್ತರರ ಕಾಲಬುಡಕ್ಕೇ ಹೋಗಿ, ಒಂದು ಗೇಣು ಮೇಲೆ ನಿಂತಿತು.

ನಾನು ಕಂಡಿದ್ದೆ. ಆದರೆ ಗೆರೆಯವರ ಬಾವುಟ ಬರುವ ತನಕ ಕುರ್ಚಿಯವರು ಬಾಯಿ ಬಿಡುವಂತಿಲ್ಲ. ಕಾದೆ. ಬಾವುಟ ಬರಲಿಲ್ಲ. ಆಟಗಾರರು ನನ್ನ ಕಡೆ ನೋಡಿದರು, ನಾನು ಮಾಸ್ತರರ ಕಡೆ ನೋಡಿದೆ. ಅವರು ಬಾವುಟವನ್ನು ಎದೆಗೆ ಒತ್ತಿಕೊಂಡು, ಬಾಯಿ ಅರೆ ತೆರೆದು ಹಾಗೇ ನಿಂತಿದ್ದರು.

"ಮಾಸ್ತರ," ಎಂದೆ. "ಬಾವುಟ."

ಅವರು ಬೆಚ್ಚಿ ತಲೆಯೆತ್ತಿದರು, ಶನಿವಾರದಿಂದ ಮೊದಲ ಸಲ ನನ್ನ ಮುಖ ನೋಡಿದರು. "ಹಾಂ, ಹಾಂ. ಮರತೆ ತಂಗಿ," ಎಂದರು. "ಆಟಾ ನೋಡಕೋತ ನಿಂತುಬಿಟ್ಟೆ."